ದೀಪದ ಹೆಂಗಸಿನ ಅಪ್ಪ: ಮೈಸೂರಲ್ಲಿ ಒಬ್ಬ ಡ್ರಾಯಿಂಗ್ ಮೇಷ್ಟ್ರ ಜಾಡು

ಶುಕ್ರವಾರ

ಬೀರೂರಿನಲ್ಲಿ ಹತ್ತಿದ ತಾಳಗುಪ್ಪ–ಮೈಸೂರು ರೈಲು ಅರಸೀಕೆರೆ, ಹಾಸನ, ಹೊಳೆನರಸೀಪುರ, ಕೃಷ್ಣರಾಜನಗರ ಎಂದು ಊರೂರನ್ನೂ ಮಾತಾಡಿಸಿಕೊಂಡು ಮೈಸೂರು ಮುಟ್ಟಿತು. ಈ ಸಲ ನನಗೆ ಬೆಟ್ಟ, ಝೂ, ಬೃಂದಾವನ ಯಾವುದೂ ಬೇಕಿರಲಿಲ್ಲ. ಒಬ್ಬ ಚಿತ್ರಕಲಾ ಮೇಷ್ಟ್ರ ಬಗ್ಗೆ ಬರೆಯಬೇಕಿತ್ತು. ಅವರು ಮೈಸೂರಿನವರಲ್ಲ, ಕನ್ನಡದವರೂ ಅಲ್ಲ. ಹುಟ್ಟಿದ್ದು ಸಾವಂತವಾಡಿಯಲ್ಲಿ, ಬದುಕಿದ್ದು ಮುಂಬೈಯಲ್ಲಿ. ಹೆಸರು ಸಾವಳಾರಾಮ್ ಲಕ್ಷ್ಮಣ್ ಹಳದಣಕರ್. ಅವರು ಬರೆದ ಚಿತ್ರಗಳಲ್ಲಿ ನಮ್ಮ ಜನಕ್ಕೆ ಗೊತ್ತಿರುವುದು ಒಂದೇ, ಅದು ಇರುವುದು ಇಲ್ಲಿ, ಜಗನ್ಮೋಹನ ಅರಮನೆಯಲ್ಲಿ: ಕತ್ತಲಲ್ಲಿ ದೀಪ ಹಿಡಿದು, ಗಾಳಿಗೆ ಆರದಂತೆ ಕೈ ಅಡ್ಡ ಇಟ್ಟು ನಿಂತ ಹೆಂಗಸು. ಕ್ಯಾಲೆಂಡರಿನಲ್ಲಿ, ಹೋಟೆಲಿನ ಗೋಡೆಯಲ್ಲಿ, ಕನ್ನಡಿ ಅಂಗಡಿಯ ಫ್ರೇಮಿನಲ್ಲಿ ಎಲ್ಲ ಕಡೆ ಇದ್ದಾಳೆ. ಬರೆದವರು ಯಾರೆಂದು ಕೇಳಿ ನೋಡಿ, ಹತ್ತರಲ್ಲಿ ಎಂಟು ಜನ ರವಿವರ್ಮ ಎನ್ನುತ್ತಾರೆ.

ನನಗೆ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿದ ಮೇಷ್ಟ್ರು ನಿವೃತ್ತರಾಗಿ ಕುವೆಂಪುನಗರದಲ್ಲಿದ್ದಾರೆ. ಮಳವಳ್ಳಿ ಕಡೆಯವರು. ಸರ್ವೀಸೆಲ್ಲ ಮಲೆನಾಡು, ಬಯಲುಸೀಮೆ ಅಂತ ಸುತ್ತಿದರೂ ಮಾತು ಮಾತ್ರ ಮಂಡ್ಯದ್ದೇ ಉಳಿದಿದೆ. ಫೋನಿನಲ್ಲಿ ವಿಷಯ ಹೇಳಿದಾಗ, ‘ಹಳದಣಕರ್ ಬೇಕು ಅಂದ್ರೆ ಬೊಂಬಾಯಿಗೆ ಹೋಗಪ್ಪ, ಮೈಸೂರಿಗ್ಯಾಕೆ ಬತ್ತೀಯ?’ ಎಂದರು. ಆಮೇಲೆ ತಾವೇ, ‘ಬಾ ಬಾ. ಆದ್ರೆ ಅವರೊಬ್ಬರನ್ನೇ ನೋಡಿ ಹೋಗ್ತೀನಿ ಅಂದ್ರೆ ಆಗಲ್ಲ. ಮೇಷ್ಟ್ರು ಅಂದ ಮೇಲೆ ಅವನ ಮೇಷ್ಟ್ರು ಯಾರು, ಇವನ ಮೇಷ್ಟ್ರು ಯಾರು ಎಲ್ಲ ಬತ್ತದೆ’ ಎಂದರು.

ಸಂಜೆ ಮೊದಲು ಕರೆದೊಯ್ದದ್ದು ಸಯ್ಯಾಜಿರಾವ್ ರಸ್ತೆಗೆ. ಕಾವೇರಿ ಎಂಪೋರಿಯಂಗೆ ಗಂಧದ ಆನೆ, ಬೀಟೆಮರದ ಟೀಪಾಯಿ ಕೊಳ್ಳಲು ಹೋಗುವವರು ಆ ಕಟ್ಟಡ ಏನಾಗಿತ್ತೆಂದು ಸಾಮಾನ್ಯವಾಗಿ ತಲೆ ಎತ್ತಿ ನೋಡುವುದಿಲ್ಲ. ಅದು ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್, ಹಳಬರ ಬಾಯಲ್ಲಿ ಸಿಟಿಐ. ಹತ್ತನೇ ಚಾಮರಾಜೇಂದ್ರ ಒಡೆಯರ ನೆನಪಿಗೆ ಕಟ್ಟಿದ್ದು. 1906ರಲ್ಲಿ ಅಡಿಗಲ್ಲು ಹಾಕಿದವರು ಮುಂದೆ ಐದನೇ ಜಾರ್ಜ್ ಆದ ಬ್ರಿಟಿಷ್ ಯುವರಾಜ. ಮರಗೆಲಸ, ದಂತದ ಕೆಲಸ, ಬೀಟೆಮರದಲ್ಲಿ ದಂತ ಕೂರಿಸುವ ಇನ್‌ಲೇ, ಶಿಲ್ಪ, ಚಿತ್ರ ಎಲ್ಲ ಒಂದೇ ಸೂರಿನಡಿ ಕಲಿಸುತ್ತಿದ್ದರು.

ನಮ್ಮ ಮೇಷ್ಟ್ರು ಡ್ರಾಯಿಂಗ್ ಮೇಷ್ಟ್ರಾಗುವ ಓದು ಓದಿದ್ದೂ ಇಲ್ಲೇ. ‘ಬೆಳಿಗ್ಗೆ ಬಂದ್ರೆ ಬಡಗಿಗಳ ಉಳಿ ಸದ್ದು, ಗಂಧದ ಹೊಟ್ಟಿನ ವಾಸನೆ. ನಾವು ಮಡಕೆ ಇಟ್ಕೊಂಡು ನೆರಳು ತುಂಬ್ತಾ ಕೂತಿರ್ತಿದ್ದೋ. ಆ ಕಡೆ ಒಬ್ಬ ಆನೆ ಕೆತ್ತೋನು, ಈ ಕಡೆ ನಾನು ಮಡಕೆ ಬರೆಯೋನು. ಅವನ ಆನೆ ಮಾರಾಟ ಆಗೋದು, ನನ್ನ ಮಡಕೆ ಯಾರಿಗೆ ಬೇಕು?’

ಕಟ್ಟಿಂಗೇರಿಯ ಚಿತ್ರಕಾರ ಕೆ.ಕೆ. ಹೆಬ್ಬಾರರೂ ಕೆಲಕಾಲ ಈ ಸಿಟಿಐಯಲ್ಲಿ ಕಲಿತವರು. 1911ರಲ್ಲಿ ಉಡುಪಿಯ ಹತ್ತಿರ ಹುಟ್ಟಿದ ಹುಡುಗ ಇಲ್ಲಿಗೆ ಬಂದು, ಇಲ್ಲಿ ನಿಲ್ಲದೆ ಮುಂಬೈಯ ಜೆ.ಜೆ. ಕಲಾಶಾಲೆಗೆ ಹೋದರು. 1938ರಲ್ಲಿ ಡಿಪ್ಲೊಮಾ ಮುಗಿಸಿ, 1940ರಿಂದ 45ರವರೆಗೆ ಅಲ್ಲೇ ಪಾಠ ಮಾಡಿದರು. ಆಮೇಲೆ ಪ್ಯಾರಿಸ್, ಪದ್ಮಭೂಷಣ ಎಲ್ಲ ಬಂತು. ಹಳದಣಕರ್ ಕೂಡ ಜೆ.ಜೆ.ಯಲ್ಲಿ ಓದಿದವರೇ. ಚಿತ್ರ ಕಲಿಯಬೇಕೆಂಬ ಮೈಸೂರಿನ ಹುಡುಗರಿಗೆ ಆಗ ಎರಡು ದಾರಿ: ಒಂದು ಮುಂಬೈ, ಇನ್ನೊಂದು ಕಲ್ಕತ್ತ. ಮುಂಬೈ ದಾರಿಯನ್ನು ನಾಳೆ ನೋಡುವುದು, ಕಲ್ಕತ್ತದ್ದು ಆಮೇಲೆ ಎಂದು ಮೇಷ್ಟ್ರು ಪಾಠ ಹಂಚಿದಂತೆ ಹಂಚಿದರು. ರಾತ್ರಿಯ ಊಟದ ಕತೆ ಬಿಡುತ್ತೇನೆ. ಮೈಸೂರಿನ ದೋಸೆಯ ಮೇಲೆ ಬರೆಯುವವರು ಬೇಕಾದಷ್ಟಿದ್ದಾರೆ.

ಶನಿವಾರ

ಜಗನ್ಮೋಹನ ಅರಮನೆಯ ಬಾಗಿಲು ತೆಗೆಯುವ ಹೊತ್ತಿಗೇ ನಿಂತಿದ್ದೆವು. 1861ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು. 1897ರಲ್ಲಿ, ರಾಜಕುಮಾರಿಯ ಮದುವೆಯ ಸಡಗರದ ನಡುವೆ ಹಳೆಯ ಮರದ ಅರಮನೆ ಸುಟ್ಟಾಗ ರಾಜಮನೆತನ ಇಲ್ಲಿಗೆ ಬಂದು, ಹೊಸ ಅರಮನೆ ಏಳುವವರೆಗೆ ಇಲ್ಲೇ ಇತ್ತು. 1902ರಲ್ಲಿ ನಾಲ್ವಡಿಯವರಿಗೆ ಪೂರ್ಣಾಧಿಕಾರ ಸಿಕ್ಕ ದರ್ಬಾರು ನಡೆದದ್ದೂ ಈ ಹಜಾರದಲ್ಲಿ. 1915ರಲ್ಲಿ ಚಿತ್ರಶಾಲೆಯಾಯಿತು, 1955ರಲ್ಲಿ ಜಯಚಾಮರಾಜೇಂದ್ರ ಒಡೆಯರ ಹೆಸರು ಬಂತು.

ಮೊದಲು ರವಿವರ್ಮನ ಮುಂದೆ ನಿಲ್ಲಬೇಕು ಎಂದು ಮೇಷ್ಟ್ರ ಆಜ್ಞೆ. ಜಟಾಯುವಿನ ರೆಕ್ಕೆ ಕತ್ತರಿಸುವ ರಾವಣ, ಸಮುದ್ರದ ಮೇಲೆ ಸಿಟ್ಟಾಗಿ ಬಿಲ್ಲು ಹಿಡಿದ ರಾಮ. ಎಲ್ಲ ದೊಡ್ಡ ಕ್ಯಾನ್ವಾಸು, ಎಣ್ಣೆ ಬಣ್ಣ. ಹೊಸ ಅರಮನೆಗೆಂದು ಮೈಸೂರು ಬರೆಸಿದ ಚಿತ್ರಗಳು, ಅವನ ಕೊನೆಯ ವರ್ಷಗಳ ಕೆಲಸ. ‘ಇಲ್ಲಿ ನೋಡು, ಸೀತೆ ಒಡವೆ ಮೇಲಿನ ಹೊಳಪು. ಕತ್ತಲು ಬಣ್ಣ ಮೊದಲು ಹಾಕವ್ನೆ, ಒಣಗಿದ ಮೇಲೆ ಬಿಳಿ-ಹಳದಿ ಮಂದವಾಗಿ ಮೇಲಿಟ್ಟವ್ನೆ. ಎಣ್ಣೆ ಬಣ್ಣದಲ್ಲಿ ಬೆಳಕು ಕೊನೇಲಿ ಬತ್ತದೆ. ಇದನ್ನ ತಲೇಲಿ ಇಟ್ಕೊ, ಈಗ ಬಾ.’

ದೀಪದ ಚಿತ್ರಕ್ಕೆ ಕತ್ತಲು ಮಾಡಿದ್ದಾರೆ. ಒಳಗೆ ಹೋದರೆ ಕಣ್ಣು ಹೊಂದಿಕೊಳ್ಳಲು ಒಂದು ಗಳಿಗೆ ಬೇಕು. ಆಮೇಲೆ ಮೊದಲು ಕಾಣುವುದು ದೀಪವಲ್ಲ, ಬೆರಳು. ಜ್ವಾಲೆಗೆ ಅಡ್ಡ ಹಿಡಿದ ಕೈಬೆರಳುಗಳ ನಡುವೆ ರಕ್ತ ಬೆಳಗಿದ ಹಾಗೆ ಕೆಂಪು. ಆಮೇಲೆ ಮುಖದ ಒಂದು ಪಕ್ಕ, ಸೀರೆಯ ನೆರಿಗೆ, ಹಿಂದೆ ಗೋಡೆಯ ಮೇಲೆ ಅವಳದೇ ನೆರಳು. ಅವಳು ನಮ್ಮನ್ನು ನೋಡುತ್ತಿಲ್ಲ. ಪಕ್ಕದಲ್ಲಿ ಮಂಡ್ಯ ಕಡೆಯ ಒಂದು ಸಂಸಾರ ನಿಂತಿತ್ತು. ಹೆಂಗಸೊಬ್ಬರು ಪಿಸುಗುಟ್ಟಿದರು: ‘ಇಂದ್ಗಡೆ ಬಲ್ಬು ಮಡಗವ್ರೆ ಕಣ್ರೀ.’ ಗಂಡ, ‘ಬಲ್ಬೂ ಇಲ್ಲ ಗಿಲ್ಬೂ ಇಲ್ಲ, ರವಿವರ್ಮ ಅಂದ್ರೆ ಅಂಗೇಯ’ ಎಂದರು. ಮೇಷ್ಟ್ರು ಕೆಮ್ಮಿದರು. ಅವರು ಕೆಮ್ಮಿದರೆ ಪಾಠ ಶುರು ಎಂದು ನನಗೆ ಹಳೆಯ ಅಭ್ಯಾಸ.

‘ರವಿವರ್ಮ ಸತ್ತಿದ್ದು 1906ರಲ್ಲಿ ಸ್ವಾಮಿ. ಇದನ್ನ ಬರೆದಿದ್ದು 1945–46ರಲ್ಲಿ. ನಲವತ್ತು ವರ್ಷ ಆದ್ಮೇಲೆ ಎದ್ದು ಬಂದು ಬರೆಯೋಕಾಯ್ತದಾ? ಅದೂ ಅಲ್ದೆ ಇದು ಎಣ್ಣೆ ಬಣ್ಣ ಅಲ್ಲ, ನೀರು ಬಣ್ಣ. ಕಾಗದದ ಮೇಲಿನ ಕೆಲಸ.’ ಆ ಗಂಡಸು ಅನುಮಾನದಿಂದ ಮೇಷ್ಟ್ರನ್ನೂ ಚಿತ್ರವನ್ನೂ ನೋಡಿ, ‘ಹೌದಾ ಸಾ?’ ಎಂದು, ಮತ್ತೊಮ್ಮೆ ಬಗ್ಗಿ ನೋಡಿ ಹೋದರು.

ನೀರು ಬಣ್ಣ ಎಂಬುದೇ ಈ ಚಿತ್ರದ ಗುಟ್ಟು. ಅದನ್ನು ಮೇಷ್ಟ್ರು ಹೊರಗೆ ಬೆಂಚಿನ ಮೇಲೆ ಕೂರಿಸಿ ಹೇಳಿದರು, ಕಾವಲಿನವರು ಎರಡು ಸಲ ನಮ್ಮನ್ನು ದಿಟ್ಟಿಸಿದರೂ ಬಿಡದೆ. ಎಣ್ಣೆ ಬಣ್ಣದಲ್ಲಿ ತಪ್ಪಿದರೆ ಕೆರೆದು ತೆಗೆಯಬಹುದು, ಮೇಲೆ ಇನ್ನೊಂದು ಪದರ ಬಳಿಯಬಹುದು, ಬೆಳಕನ್ನು ಬಿಳಿ ಬಣ್ಣದಿಂದ ಕೊನೆಗೆ ಇಡಬಹುದು. ಶುದ್ಧ ನೀರು ಬಣ್ಣದಲ್ಲಿ ಬಿಳಿ ಎಂದರೆ ಕಾಗದವೇ. ಅತಿ ಹೆಚ್ಚು ಬೆಳಕು ಎಲ್ಲಿ ಬೇಕೋ ಅಲ್ಲಿ ಕಾಗದವನ್ನು ಮೊದಲೇ ಮುಟ್ಟದೆ ಬಿಟ್ಟಿರಬೇಕು. ಆಮೇಲೆ ತೆಳುವಾದ ಬಣ್ಣದ ನೀರನ್ನು ಪದರ ಪದರವಾಗಿ ಹರಿಸುತ್ತಾ, ಒಂದು ಒಣಗಿದ ಮೇಲೆ ಇನ್ನೊಂದು ಇಡುತ್ತಾ ಕತ್ತಲನ್ನು ಗಾಢ ಮಾಡಬೇಕು. ಕತ್ತಲು ಜಾಸ್ತಿಯಾಗಿ ಪದರ ಕೊಳೆಯಾದರೆ ಮುಗಿಯಿತು, ಹಿಂದೆ ಬರುವ ದಾರಿಯಿಲ್ಲ. ದೀಪದ ಚಿತ್ರದಲ್ಲಿ ಮುಕ್ಕಾಲು ಭಾಗ ಕತ್ತಲು. ಅಷ್ಟು ಕತ್ತಲನ್ನು ನೀರು ಬಣ್ಣದಲ್ಲಿ ಕಟ್ಟಿಯೂ ಗೋಡೆಯ ಮೇಲಿನ ನೆರಳಿನೊಳಗೆ ಗಾಳಿಯಾಡುವ ಹಾಗೆ ಉಳಿಸಿಕೊಂಡಿದ್ದಾರೆ. ‘ಅರವತ್ತು ದಾಟಿದ ಕೈ ಅದು. ಇಷ್ಟು ವರ್ಷ ಹುಡುಗರಿಗೆ ಕಲಿಸಿ ಕಲಿಸಿ ಬಂದ ಕೈ. ಚಿಕ್ಕ ವಯಸ್ಸಲ್ಲಿ ಬರೆಯೋಕೆ ಆಗ್ತಿರ್ಲಿಲ್ಲ ಅಂತ ನನ್ನ ಲೆಕ್ಕ.’ ಇದು ಮೇಷ್ಟ್ರ ಲೆಕ್ಕ, ಆದರೆ ನನಗೂ ಒಪ್ಪಿಗೆಯಿದೆ.

ಹಳದಣಕರ್ 1882ರಲ್ಲಿ ಹುಟ್ಟಿದವರು. ಕೊಂಕಣದ ಸಣ್ಣ ಸಂಸ್ಥಾನವಾದ ಸಾವಂತವಾಡಿಯಿಂದ 1903ರಲ್ಲಿ ಮುಂಬೈಗೆ ಬಂದು ಜೆ.ಜೆ. ಶಾಲೆ ಸೇರಿದರು. ಸೆಸಿಲ್ ಬರ್ನ್ಸ್ ಅಲ್ಲಿ ಪ್ರಿನ್ಸಿಪಾಲರಾಗಿದ್ದ, ಎಂ.ವಿ. ಧುರಂಧರ್ ಪಾಠ ಮಾಡುತ್ತಿದ್ದ ಕಾಲ. ಕಣ್ಣಿಗೆ ಕಂಡದ್ದನ್ನು ಕಂಡ ಹಾಗೆ ಬರೆಯುವುದು, ಅಂಗರಚನೆ, ಬೆಳಕು-ನೆರಳಿನ ಕಟ್ಟುನಿಟ್ಟು, ಇದು ಆ ಶಾಲೆಯ ಜೀವಾಳ. ಅಲ್ಲಿಂದ ಹೊರಬಂದು 1908ರಲ್ಲಿ, ಅಂದರೆ ಇಪ್ಪತ್ತಾರನೇ ವಯಸ್ಸಿಗೆ, ಹಳದಣಕರ್ ತಮ್ಮದೇ ಫೈನ್ ಆರ್ಟ್ ಇನ್‌ಸ್ಟಿಟ್ಯೂಟ್ ತೆರೆದರು. ಮುಂಬೈಯಲ್ಲಿ ಇಂಥ ಖಾಸಗಿ ಚಿತ್ರಕಲಾ ಕ್ಲಾಸುಗಳಿಗೆ ದೊಡ್ಡ ಪಾತ್ರವಿತ್ತು. ಜೆ.ಜೆ. ಸೇರಲಾಗದವರು, ಹಗಲು ಕೆಲಸ ಮಾಡಿ ಸಂಜೆ ಕಲಿಯುವವರು, ಸರ್ಕಾರಿ ಡ್ರಾಯಿಂಗ್ ಪರೀಕ್ಷೆಗೆ ಕೂರುವವರು ಎಲ್ಲ ಬಂದು ಸೇರುತ್ತಿದ್ದುದು ಇಂಥ ಕಡೆಗೇ. ನಮ್ಮ ಹುಬ್ಬಳ್ಳಿ–ಧಾರವಾಡದ ಕಡೆಯ ಹಳೆಯ ಡ್ರಾಯಿಂಗ್ ಮೇಷ್ಟ್ರುಗಳು ಎಲಿಮೆಂಟರಿ, ಇಂಟರ್ಮೀಡಿಯೇಟ್ ಎಂದು ಹೇಳಿಕೊಳ್ಳುವ ಪರೀಕ್ಷೆಗಳು ಆ ಮುಂಬೈ ಪ್ರಾಂತ್ಯದವೇ. ಮೈಸೂರು ಸೀಮೆಯಲ್ಲಿ ಅದರ ಜಾಗದಲ್ಲಿ ಲೋಯರ್, ಹೈಯರ್.

1918ರಲ್ಲಿ ಆರ್ಟ್ ಸೊಸೈಟಿ ಆಫ್ ಇಂಡಿಯಾ ಕಟ್ಟಿದವರಲ್ಲಿ ಹಳದಣಕರ್ ಒಬ್ಬರು. ಪ್ರದರ್ಶನಗಳಲ್ಲಿ ಎಣ್ಣೆ ಬಣ್ಣದ್ದೇ ದರ್ಬಾರು; ನೀರು ಬಣ್ಣವೆಂದರೆ ಪ್ರವಾಸದಲ್ಲಿ ಗುರುತಿಗೆ ಬರೆದುಕೊಳ್ಳುವ ಸ್ಕೆಚ್ಚು ಎಂಬ ಅಸಡ್ಡೆ. ಅಂಥಲ್ಲಿ ನೀರು ಬಣ್ಣದಲ್ಲೇ ಮುಖಚಿತ್ರಗಳನ್ನು ಬರೆದು ಬಾಂಬೆ ಆರ್ಟ್ ಸೊಸೈಟಿಯ ಚಿನ್ನದ ಪದಕ ಪಡೆದರು. ಎಣ್ಣೆ ಬಣ್ಣದಲ್ಲೂ ಅವರು ಗಟ್ಟಿಗರೇ. ಆದರೂ ಕಷ್ಟದ ಮಾಧ್ಯಮವನ್ನು ಬಿಡಲಿಲ್ಲ. ತೀರಿಕೊಂಡದ್ದು 1968ರಲ್ಲಿ.

ದೀಪ ಹಿಡಿದವಳು ಅವರ ಮಗಳು ಗೀತಾ. ದೀಪಾವಳಿಯ ಸಮಯದಲ್ಲಿ ಮಗಳು ದೀಪ ಹಿಡಿದದ್ದನ್ನು ಕಂಡು, ಹಾಗೇ ನಿಲ್ಲಿಸಿ ಬರೆದರೆಂದು ಅವರ ಮನೆಯವರೇ ಹೇಳಿಕೊಂಡಿದ್ದಾರೆ. ಗೀತಾ ಉಪಳೇಕರ್ ಕೊಲ್ಹಾಪುರದಲ್ಲಿ ನೂರು ದಾಟಿ ಬದುಕಿದ್ದು 2018ರ ಅಕ್ಟೋಬರಿನಲ್ಲಿ ತೀರಿಕೊಂಡರು. ಆ ಸುದ್ದಿ ಬಂದಾಗಲೇ ಎಷ್ಟೋ ಜನರಿಗೆ ಚಿತ್ರದವಳು ಒಬ್ಬ ಬದುಕಿದ್ದ ಹೆಂಗಸೆಂದು ಗೊತ್ತಾದದ್ದು. ಮೇಷ್ಟ್ರು ಆವತ್ತಿನ ಪತ್ರಿಕೆಯ ತುಣುಕನ್ನು ತಮ್ಮ ಹಳೆಯ ಪೋರ್ಟ್‌ಫೋಲಿಯೋದಲ್ಲಿ ಇಟ್ಟುಕೊಂಡಿದ್ದಾರೆ.

ನಾನು ಕೇಳಿದೆ: ‘ಸಾರ್, ಇಷ್ಟೆಲ್ಲ ಮಾಡಿದ ಮನುಷ್ಯನ ಹೆಸರು ಯಾಕೆ ನಿಲ್ಲಲಿಲ್ಲ?’

‘ಹೆಸರು ನಿಲ್ಲೋದು ಯಾರದ್ದು? ರಾಜರಿಗೆ ಬರೆದೋರದ್ದು. ಪ್ರೆಸ್ ಹಾಕಿ ಓಲಿಯೋಗ್ರಾಫ್ ಅಚ್ಚು ಮಾಡಿ ಮನೆ ಮನೆಗೆ ಕಳಿಸಿದ ರವಿವರ್ಮಂದು. ಮೇಷ್ಟ್ರದ್ದು ಹೆಂಗೆ ನಿಲ್ತದೆ? ಮೇಷ್ಟ್ರು ಕಲಿಸಿದ್ದು ಬೇರೆಯೋರ ಕೈಯಲ್ಲಿ ಇರ್ತದೆ, ಅಲ್ಲಿ ಸಹಿ ಹಾಕೋಕಾಗಲ್ಲ ಕಣಯ್ಯ.’

ಈ ಮಾತು ಕೇಳಲು ಚೆನ್ನಾಗಿದೆ, ಆದರೆ ಪೂರ್ತಿ ನಿಜವಲ್ಲ ಅನ್ನಿಸಿತು. ಹೆಬ್ಬಾರರೂ ಮೇಷ್ಟ್ರಾಗಿದ್ದವರೇ, ಅವರ ಹೆಸರು ನಿಂತಿದೆ. ಹಾಗೆಂದು ವಾದಿಸಿದೆ. ಮೇಷ್ಟ್ರು, ‘ಹೆಬ್ಬಾರ್ ಐದು ವರ್ಷಕ್ಕೆ ಪಾಠ ಬಿಟ್ರಲ್ಲ, ಅದಕ್ಕೇ’ ಎಂದು ನಕ್ಕರು. ನಗೆಯ ಹಿಂದೆ ಒಂದು ಚೂರು ಕಹಿಯೂ ಇತ್ತು. ಅವರು ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಬಿಟ್ಟವರಲ್ಲ.

ಮೇಲಿನ ಮಹಡಿಗಳಲ್ಲಿ ವಾದ್ಯಗಳು, ಗಂಟೆಗೊಮ್ಮೆ ಸಿಪಾಯಿಗಳು ಸಾಲಾಗಿ ಬರುವ ಫ್ರೆಂಚ್ ಗಡಿಯಾರ, ಅಕ್ಕಿಕಾಳಿನ ಮೇಲಿನ ಚಿತ್ರಗಳು. ಜನ ಚಿತ್ರಗಳಿಗಿಂತ ಅಕ್ಕಿಕಾಳಿನ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಾರೆ. ನಿಲ್ಲಲಿ ಬಿಡಿ. ಗೋಡೆಯ ಮೇಲಿನ ಮುಮ್ಮಡಿ ಕಾಲದ ದಸರಾ ಮೆರವಣಿಗೆ, ಒಡೆಯರ ವಂಶವನ್ನು ಹೂಬಳ್ಳಿಯಾಗಿ ಹಬ್ಬಿಸಿದ ಸಂತಾನಾಂಬುಜ ನನಗೆ ಇಷ್ಟವಾದವು. ಅಲ್ಲಿ ಬೆಳಕು ಒಂದು ಕಡೆಯಿಂದ ಬರುವುದೇ ಇಲ್ಲ, ನೆರಳೂ ಇಲ್ಲ. ಎಲ್ಲರ ಮುಖವೂ ಒಂದೇ ಸಮ ಬೆಳಗಿರುತ್ತದೆ. ದೀಪದ ಹೆಂಗಸನ್ನು ಈಗಷ್ಟೇ ನೋಡಿ ಬಂದವರಿಗೆ ಇದು ಬೇರೆಯೇ ಲೋಕ. ಆ ಲೋಕದ ಬೇರು ನೋಡಲು ಶ್ರೀರಂಗಪಟ್ಟಣಕ್ಕೆ ಹೋಗಬೇಕೆಂದು ಸಂಜೆಯೇ ಗೊತ್ತುಮಾಡಿದೆವು.

ಭಾನುವಾರ

ಬಸ್ಸಿಗೆ ಹದಿನೈದು ಕಿಲೋಮೀಟರಿನ ಹಾದಿ. ಭಾನುವಾರವಾದ್ದರಿಂದ ನಿಮಿಷಾಂಬಕ್ಕೆ, ಸಂಗಮಕ್ಕೆ ಹೋಗುವವರ ಜಾತ್ರೆ. ನಾವು ನೇರವಾಗಿ ದರಿಯಾ ದೌಲತ್ ತೋಟಕ್ಕೆ ನಡೆದೆವು. 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆಯ ಅರಮನೆ, ಹೆಚ್ಚಿನ ಪಾಲು ತೇಗದ ಮರ. ಬಿಸಿಲು ತಾಗಿ ಚಿತ್ರ ಮಾಸಬಾರದೆಂದು ಸುತ್ತ ತಟ್ಟಿ ಇಳಿಬಿಟ್ಟಿದ್ದಾರೆ. ಒಳಗಿನ ಮಬ್ಬಿಗೆ ಒಂದಿಂಚೂ ಬಿಡದೆ ಬಣ್ಣ ತುಂಬಿದ ಗೋಡೆಗಳು.

ಪಶ್ಚಿಮದ ಗೋಡೆಯಲ್ಲಿ, ಹೈದರ್–ಟಿಪ್ಪು ಸೈನ್ಯ ಬ್ರಿಟಿಷರನ್ನು ಸೋಲಿಸಿದ 1780ರ ಪೊಲ್ಲಿಲೂರು ಯುದ್ಧ. ಬ್ರಿಟಿಷರ ಕರ್ನಲ್ ಬೈಲಿ ಪಲ್ಲಕ್ಕಿಯಲ್ಲಿ ಗಾಬರಿಯಿಂದ ಬೆರಳು ಕಚ್ಚಿ ಕೂತಿದ್ದಾನೆ, ಸುತ್ತ ಕೆಂಪು ಕೋಟಿನ ಸಿಪಾಯಿಗಳ ಚೌಕ, ಮದ್ದಿನ ಬಂಡಿ ಸಿಡಿಯುತ್ತಿದೆ, ಫ್ರೆಂಚ್ ಸರದಾರ ಲಾಲಿ ದುರ್ಬೀನು ಹಿಡಿದಿದ್ದಾನೆ. ಟಿಪ್ಪು ಮಾತ್ರ ಸದ್ದುಗದ್ದಲದ ನಡುವೆ ಹೂ ಮೂಸುತ್ತಾ ಕುದುರೆ ಮೇಲೆ ಬರುತ್ತಾನೆ. ಮೇಷ್ಟ್ರಿಗೆ ಆ ಹೂವಿನ ಮೇಲೆ ಬಹಳ ಪ್ರೀತಿ. ‘ಬರೆದೋನಿಗೆ ರಾಜ ಹೆಂಗಿರಬೇಕು ಅಂತ ಗೊತ್ತಿತ್ತು’ ಎಂದರು. ಈ ಚಿತ್ರಗಳು ಅಳಿದು, ಮತ್ತೆ ಬರೆಸಿಕೊಂಡು ಉಳಿದವು. ಟಿಪ್ಪು ಸತ್ತ ಮೇಲೆ ಬ್ರಿಟಿಷ್ ಸೇನಾಧಿಕಾರಿ ವೆಲ್ಲೆಸ್ಲಿ ಇಲ್ಲಿ ವಾಸವಿದ್ದಾಗ ದುರಸ್ತಿ ಮಾಡಿಸಿದ, ಗವರ್ನರ್ ಜನರಲ್ ಡಾಲ್‌ಹೌಸಿ 1854ರ ಸುಮಾರಿಗೆ ಮತ್ತೆ ಬರೆಸಿದ. ಹಾಗಾಗಿ ನಾವು ಇವತ್ತು ನೋಡುವುದರಲ್ಲಿ ಟಿಪ್ಪು ಕಾಲದ ಗೆರೆಯಷ್ಟು ಮುಂದಿನವರ ಬಣ್ಣವೂ ಇದೆ. ಸೋತವರೇ ತಮ್ಮ ಸೋಲಿನ ಚಿತ್ರವನ್ನು ದುಡ್ಡು ಕೊಟ್ಟು ಬರೆಸಿದ್ದು ಇನ್ನೆಲ್ಲಿದೆಯೋ ನಾ ಕಾಣೆ.

ಬರೆದವರ ಹೆಸರು ಗೋಡೆಯಲ್ಲಿಲ್ಲ. ವಿಜಯನಗರ 1565ರಲ್ಲಿ ಬಿದ್ದ ಮೇಲೆ ಅಲ್ಲಿನ ಚಿತ್ರಗಾರ ಮನೆತನಗಳು ದಿಕ್ಕುದಿಕ್ಕಿಗೆ ಹೋದವು, ರಾಜ ಒಡೆಯರ ಕಾಲಕ್ಕೆ ಕೆಲವು ಶ್ರೀರಂಗಪಟ್ಟಣದಲ್ಲಿ ನೆಲೆಯಾದವು ಎಂಬುದು ಮೈಸೂರು ಶೈಲಿಯ ಇತಿಹಾಸ ಹೇಳುವವರೆಲ್ಲ ಶುರುಮಾಡುವ ಜಾಗ. 1799ರ ನಂತರ ರಾಜಧಾನಿ ಮೈಸೂರಿಗೆ ಹೋದಾಗ ಕುಂಚವೂ ಹಿಂದೆಯೇ ಹೋಯಿತು. ಮುಮ್ಮಡಿಯವರ ಆಸರೆಯಲ್ಲಿ ಶ್ರೀತತ್ತ್ವನಿಧಿಯಂಥ ಸಚಿತ್ರ ಗ್ರಂಥಗಳು ಬಂದವು.

ನದಿದಂಡೆಯ ಮರದ ಕೆಳಗೆ ಬುತ್ತಿ ಬಿಚ್ಚಿಕೊಂಡು ಮೇಷ್ಟ್ರು ಆ ಕಾಲದ ಪಾಠ ಹೇಗಿತ್ತೆಂದು ಹೇಳಿದರು. ಮನೆಯೇ ಶಾಲೆ, ಅಪ್ಪನೋ ಚಿಕ್ಕಪ್ಪನೋ ಮೇಷ್ಟ್ರು. ಹುಡುಗನಿಗೆ ಮೊದಲು ಕುಂಚ ಕೊಡುವುದಿಲ್ಲ. ಹುಣಸೆಕಡ್ಡಿಯನ್ನು ಸುಟ್ಟು ಇದ್ದಲು ಮಾಡಬೇಕು, ಬಣ್ಣ ಅರೆಯಬೇಕು, ಅಳಿಲಿನ ಕೂದಲಲ್ಲಿ ಕುಂಚ ಕಟ್ಟಬೇಕು. ಸಫೇದವೆಂಬ ಬಿಳಿ ಪುಡಿ, ಗೋಂದು, ರೇವಲ್‌ಚಿನ್ನಿ ಎಂಬ ಹಳದಿ ಅಂಟು ಸೇರಿಸಿ ಗೆಸ್ಸೋ ಎಂಬ ಮುದ್ದೆ ಅರೆದು, ಒಡವೆ, ಕಿರೀಟ, ಪ್ರಭಾವಳಿ ಇರುವ ಕಡೆ ಕುಂಚದ ತುದಿಯಿಂದ ಎಳೆ ಎಳೆಯಾಗಿ ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕು ಕೂರಿಸಬೇಕು. ತಂಜಾವೂರಿನ ಚಿತ್ರದಲ್ಲಿ ಗೆಸ್ಸೋ ದಪ್ಪ, ಕಲ್ಲು ಕೂರಿಸುತ್ತಾರೆ, ದೂರಕ್ಕೇ ಝಗಮಗ. ಮೈಸೂರಿನದು ತೆಳು. ಹತ್ತಿರ ಹೋಗಿ ಓರೆಯಾಗಿ ನೋಡಿದರೆ ಮಾತ್ರ ಉಬ್ಬು ಕಾಣುತ್ತದೆ. ಇಷ್ಟೆಲ್ಲ ಕಲಿತ ಮೇಲೆ ಗೆರೆ, ಅದರ ಮೇಲೆ ಬಣ್ಣ, ಕಟ್ಟಕಡೆಗೆ ಕಣ್ಣು. ‘ಕಣ್ಣು ಬರೆಯೋಕೆ ಬಿಟ್ರು ಅಂದ್ರೆ ಪಾಸ್ ಆದ ಅಂತ. ಸರ್ಟಿಫಿಕೇಟು ಗಿರ್ಟಿಫಿಕೇಟು ಏನಿಲ್ಲ.’

ಅಂಥ ಒಂದು ಚಿತ್ರಗಾರ ಮನೆಯಲ್ಲಿ 1886ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು ಕೆ. ವೆಂಕಟಪ್ಪ. ಮೇಷ್ಟ್ರ ಕಲ್ಕತ್ತ ಪಾಠ ಇಲ್ಲಿಂದ ಶುರುವಾಯಿತು. ಮನೆಯಲ್ಲಿ ಕಲಿತ ಹುಡುಗನನ್ನು ನಾಲ್ವಡಿಯವರ ಕಾಲದ ಅರಮನೆ 1909ರಲ್ಲಿ ಕಲ್ಕತ್ತದ ಸರ್ಕಾರಿ ಕಲಾಶಾಲೆಗೆ ಕಳಿಸಿತು. ಅಲ್ಲಿ ಅವನೀಂದ್ರನಾಥ ಠಾಕೂರರು ಗುರು, ನಂದಲಾಲ್ ಬೋಸ್ ಜೊತೆಗಾರ. ಭಾರತೀಯ ಅಂಗಲಕ್ಷಣದ ಮೇಲೆ ಅವನೀಂದ್ರರು ಬರೆದ ಪುಟ್ಟ ಪುಸ್ತಕಕ್ಕೆ ಗೆರೆಚಿತ್ರ ಹಾಕಿದವರು ನಂದಲಾಲ್ ಮತ್ತು ವೆಂಕಟಪ್ಪ. ಅಲ್ಲಿ ಕಲಿಸುತ್ತಿದ್ದ ನೀರು ಬಣ್ಣ ಹಳದಣಕರರದ್ದಲ್ಲ. ಬಣ್ಣ ಹಚ್ಚಿ, ಒಣಗಿಸಿ, ಕಾಗದವನ್ನೇ ನೀರಲ್ಲಿ ಅದ್ದಿ, ಮತ್ತೆ ಹಚ್ಚಿ, ಮತ್ತೆ ಅದ್ದಿ ಮಂಜು ಮುಸುಕಿದಂತೆ ಮಾಡುವ ‘ವಾಶ್’. ಜಪಾನಿನ ಕಲಾವಿದರ ಸಹವಾಸದಿಂದ ಬಂದದ್ದು. ಮುಂಬೈಯವರು ಬೆಳಕನ್ನು ಹಿಡಿದಿಟ್ಟರೆ, ಕಲ್ಕತ್ತದವರು ಬೆಳಕನ್ನು ಎಲ್ಲ ಕಡೆ ಸವರಿಬಿಟ್ಟರು.

ವೆಂಕಟಪ್ಪ ಊರಿಗೆ ಮರಳಿ ಊಟಿ, ಕೊಡೈಕನಾಲ್ ಬೆಟ್ಟಗಳನ್ನು ಬರೆದರು. ಅಲ್ಲಿ ಮಂಜು ನಿಜವಾಗಿಯೂ ಇತ್ತು, ವಿದ್ಯೆಗೆ ತಕ್ಕ ಜಾಗ. ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿಯಲು ಕೂತು, ವೀಣೆಯ ಹುಚ್ಚಿನಲ್ಲಿ ಕುಂಚ ಸೊರಗಿದ ತಮ್ಮ ಅವಸ್ಥೆಯನ್ನೇ ಚಿತ್ರ ಮಾಡಿದರು. ಅರಮನೆಗೆಂದು ಪ್ಲಾಸ್ಟ‌ರ್ ಉಬ್ಬುಚಿತ್ರಗಳ ಕೆಲಸ ಹಿಡಿದರು. 1940ರಲ್ಲಿ ನಾಲ್ವಡಿಯವರು ತೀರಿಕೊಂಡ ಮೇಲೆ ಕೆಲಸ ನಿಂತಿತು, ಬರಬೇಕಾದ ಹಣಕ್ಕಾಗಿ ಅರಮನೆಯ ಮೇಲೆಯೇ ಕೋರ್ಟಿಗೆ ಹೋದರು. ಮದುವೆಯಾಗಲಿಲ್ಲ. ಶಿಷ್ಯರ ಗುಂಪನ್ನೂ ಕಟ್ಟಿಕೊಳ್ಳಲಿಲ್ಲ. 1965ರಲ್ಲಿ ತೀರಿಕೊಂಡರು. ಬೆಂಗಳೂರಿನ ಕಸ್ತೂರಬಾ ರಸ್ತೆಯ ಚಿತ್ರಶಾಲೆಗೆ ಅವರ ಹೆಸರಿದೆ, ಕೆಲಸವೂ ಅಲ್ಲಿದೆ.

ಹೀಗೆ ಎದುರುಬದುರು ಇಟ್ಟಾಗ ನನಗೆ ಕುತೂಹಲ ಹುಟ್ಟಿಸಿದ್ದು ಇದು: ಮೈಸೂರಿನಲ್ಲೇ ಹುಟ್ಟಿ, ಇಬ್ಬರು ಮಹಾಗುರುಗಳಲ್ಲಿ ಕಲಿತು, ಕಲಿಸದೆ ಹೋದ ವೆಂಕಟಪ್ಪನವರ ಹೆಸರು ಕಟ್ಟಡದ ಮೇಲಿದೆ, ಅವರ ಚಿತ್ರ ಯಾವುದೆಂದು ಕೇಳಿದರೆ ಜನಕ್ಕೆ ಗೊತ್ತಿಲ್ಲ. ಮೈಸೂರಿನವರಲ್ಲದ, ಬದುಕಿಡೀ ಕಲಿಸಿದ ಹಳದಣಕರರ ಚಿತ್ರ ಎಲ್ಲರಿಗೂ ಗೊತ್ತು, ಹೆಸರು ಗೊತ್ತಿಲ್ಲ. ಮೇಷ್ಟ್ರಿಗೆ ಇದನ್ನು ಹೇಳಿದೆ. ಅವರು ಮೊಸರನ್ನದ ಕೈ ತೊಳೆಯುತ್ತಾ, ‘ಇಬ್ಬರಲ್ಲಿ ನಿನಗೆ ಯಾವುದು ಬೇಕು ಅಂದ್ರೆ ಏನ್ ತಗೋತೀಯ?’ ಎಂದರು. ನಾನು ಹೇಳಲಿಲ್ಲ. ‘ನಾನಾದ್ರೆ ಚಿತ್ರ ತಗೋತೀನಿ’ ಎಂದರು.

ಮರಳುವಾಗ ಬಸ್ಸಿನಲ್ಲಿ ಜಾಗ ಸಿಗದೆ ನಿಂತೇ ಬಂದೆವು. ಮೈಸೂರಿನಲ್ಲಿ ಅರಮನೆಯ ದೀಪ ಹೊತ್ತಿಸುವ ಹೊತ್ತಿಗೆ ರಸ್ತೆಯೆಲ್ಲ ಜನ. ಅಲ್ಲಿ ನಿಲ್ಲದೆ ಮನೆಗೆ ಹೋದೆವು, ಮೇಷ್ಟ್ರ ಮನೆಯವರು ಬಸ್ಸಾರು ಮಾಡಿ ಕಾಯುತ್ತಿದ್ದರು.

ಸೋಮವಾರ

ಬೆಳಿಗ್ಗೆ ಅರಮನೆ. ಚಪ್ಪಲಿ ಬಿಟ್ಟು, ಸಾಲಿನಲ್ಲಿ ಸಾಗಿ ಸೀದಾ ಕಲ್ಯಾಣ ಮಂಟಪಕ್ಕೆ. ಜನ ಇಲ್ಲಿ ತಲೆ ಎತ್ತಿ ಗಾಜಿನ ಚಾವಣಿಯ ನವಿಲು ನೋಡುತ್ತಾರೆ, ಗೋಡೆ ನೋಡುವವರು ಕಡಿಮೆ. ಗೋಡೆಯ ಸುತ್ತ ದಸರಾ ಮೆರವಣಿಗೆಯ 26 ಚಿತ್ರಗಳಿವೆ. 1930ರ ದಸರೆಯನ್ನು ಮಾದರಿಯಾಗಿಟ್ಟುಕೊಂಡು ಅರಮನೆಯ ಚಿತ್ರಗಾರರು ಆಮೇಲಿನ ವರ್ಷಗಳಲ್ಲಿ ಬರೆದದ್ದು. ಕೇಶವಯ್ಯ, ವೈ. ನಾಗರಾಜು, ವೈ. ಸುಬ್ರಹ್ಮಣ್ಯರಾಜು, ಶಂಕರರಾಜು, ಎಸ್.ಎನ್. ಸ್ವಾಮಿ, ಎಸ್.ಆರ್. ಅಯ್ಯಂಗಾರ್, ಎನ್.ಎಸ್. ಸುಬ್ಬುಕೃಷ್ಣ, ಇವರ ಹೆಸರುಗಳನ್ನು ಮೇಷ್ಟ್ರು ಹಾಜರಿ ಕರೆದ ಹಾಗೆ ಹೇಳಿದರು.

ಇಲ್ಲಿ ನಿನ್ನೆಯ ಶ್ರೀರಂಗಪಟ್ಟಣವೂ ಮೊನ್ನೆಯ ಜಗನ್ಮೋಹನವೂ ಒಟ್ಟಿಗೆ ಸಿಕ್ಕವು. ಮೆರವಣಿಗೆ ಅದೇ, ಆದರೆ ಈಗ ನೆಲದ ಮೇಲೆ ನೆರಳು ಬಿದ್ದಿದೆ, ರಸ್ತೆ ದೂರ ಹೋದಂತೆ ಕಿರಿದಾಗುತ್ತದೆ, ನೋಡಲು ನಿಂತವರಲ್ಲಿ ಪ್ರತಿಯೊಬ್ಬನಿಗೂ ಬೇರೆ ಮುಖ. ಫೋಟೋ ನೋಡಿಕೊಂಡು ಬರೆದದ್ದರಿಂದ ಕೆಲವು ಕಡೆ ಜನ ಕ್ಯಾಮೆರಾದ ಮುಂದೆ ಬಿಗಿಯಾಗಿ ನಿಂತ ಹಾಗೂ ಇದ್ದಾರೆ; ಅದು ನನಗೆ ರುಚಿಸಲಿಲ್ಲ. ಆನೆಗಳು ಮಾತ್ರ ಎಲ್ಲೂ ಬಿಗಿಯಾಗಿಲ್ಲ. ಸುಬ್ರಹ್ಮಣ್ಯರಾಜು ಸಿಟಿಐಯಲ್ಲಿ ಪಾಠ ಹೇಳಿದವರು ಎಂದು ಮೇಷ್ಟ್ರು ವಿಶೇಷವಾಗಿ ತೋರಿಸಿದರು. ಮನೆಯ ಗುರುಕುಲ ಸರ್ಕಾರಿ ತರಗತಿಗೆ ಬಂದದ್ದು ಅಂಥವರ ಕಾಲದಲ್ಲಿ.

ಮಧ್ಯಾಹ್ನ ಸಿದ್ಧಾರ್ಥನಗರದ ಕಾವಾ. ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ಎಂದು ಪೂರ್ತಿ ಹೆಸರು, ಹೇಳುವವರು ಯಾರೂ ಇಲ್ಲ. ಸಿಟಿಐಯ ಚಿತ್ರಕಲೆ 1980ರ ದಶಕದ ಶುರುವಿನಲ್ಲಿ ಈ ರೂಪಕ್ಕೆ ಬಂತು. ಜೆ.ಜೆ. ಶಾಲೆಯ ಮಾದರಿಯಲ್ಲಿ ಕಟ್ಟಬೇಕೆಂದು ಸಲಹೆ ಕೊಟ್ಟವರಲ್ಲಿ ರಷ್ಯಾ ಮೂಲದ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಇದ್ದರು. ಮುಂಬೈ ದಾರಿ ಕೊನೆಗೂ ಮೈಸೂರಿಗೇ ಬಂದು ಮುಟ್ಟಿದ ಹಾಗಾಯಿತು. ಈಗ ಚಿತ್ರ, ಶಿಲ್ಪ, ಗ್ರಾಫಿಕ್ಸ್, ಅಪ್ಲೈಡ್ ಆರ್ಟ್, ಫೋಟೋಗ್ರಫಿ ಎಲ್ಲ ಇದೆ. ಆವರಣದಲ್ಲಿ ಕಲ್ಲು, ಫೈಬರ್, ಕಬ್ಬಿಣದ ಅರೆಬರೆ ಶಿಲ್ಪಗಳು ಹುಲ್ಲಿನ ನಡುವೆ ನಿಂತಿವೆ. ಕೆಲವು ಚೆನ್ನಾಗಿವೆ, ಕೆಲವನ್ನು ಅಂಕ ಬಂದ ಮೇಲೆ ಬಿಟ್ಟು ಹೋದದ್ದೆಂದು ನೋಡಿದರೇ ತಿಳಿಯುತ್ತದೆ.

ಮರದ ಕೆಳಗೆ ನಾಲ್ಕೈದು ಹುಡುಗ ಹುಡುಗಿಯರು ಬೋರ್ಡಿಗೆ ಕಾಗದ ಅಂಟಿಸಿ ನೀರು ಬಣ್ಣ ಮಾಡುತ್ತಿದ್ದರು. ಮೇಷ್ಟ್ರು ಅಲ್ಲೇ ನಿಂತರು. ಒಬ್ಬ ಹುಡುಗಿ ಎಲೆಗಳ ನಡುವಿನ ಬಿಸಿಲಿಗೆ ಟ್ಯೂಬಿನಿಂದ ಬಿಳಿ ಹಿಂಡಿಕೊಂಡು ಚುಕ್ಕೆ ಇಡುತ್ತಿದ್ದಳು. ನನಗೆ ಗೊತ್ತಾಯಿತು, ಕೆಮ್ಮು ಬರುತ್ತದೆ. ಬಂತು.

‘ಆ ಬಿಳಿ ಟ್ಯೂಬು ಬ್ಯಾಗಿಗೆ ಹಾಕ್ಬುಡಮ್ಮ.’

ಹುಡುಗಿ ತಿರುಗಿ ನೋಡಿದಳು. ‘ಹಾಕಿದ್ರೆ ಬಿಸಿಲು ಹೆಂಗೆ ಸಾರ್ ಬರ್ಸೋದು?’

‘ಬರ್ಸೋದಲ್ಲ, ಬಿಡೋದು. ಇನ್ನೊಂದು ಶೀಟ್ ಇದೆಯಾ?’

‘ಇದೆ. ಆದ್ರೆ ಇದನ್ನ ನಾಳೆ ಸಬ್ಮಿಟ್ ಮಾಡ್ಬೇಕು ಸಾರ್.’

‘ನಾಳೆ ತಾನೆ? ಇನ್ನೂ ಮೂರು ಗಂಟೆ ಬೆಳಕಿದೆ’ ಎಂದು ಮೇಷ್ಟ್ರು ಪಂಚೆ ಮಡಿಚಿಕೊಂಡು ನೆಲಕ್ಕೆ ಕೂತೇಬಿಟ್ಟರು. ಉಳಿದವರು ಒಬ್ಬೊಬ್ಬರಾಗಿ ಬೋರ್ಡು ಬಿಟ್ಟು ಸುತ್ತ ಬಂದರು. ಜಗನ್ಮೋಹನದ ದೀಪದ ಚಿತ್ರ ನೋಡಿದ್ದೀರಾ ಎಂದು ಕೇಳಿದರು. ಎಲ್ಲರೂ ನೋಡಿದ್ದರು. ಯಾರು ಬರೆದದ್ದು ಎಂದು ಮಾತ್ರ ಮೇಷ್ಟ್ರು ಕೇಳಲಿಲ್ಲ. ನಾನು ಕೇಳಹೊರಟರೆ ಕೈಯೆತ್ತಿ ತಡೆದು, ಹುಡುಗಿಯ ಮಗ್ಗಿನಲ್ಲಿದ್ದ ಕೊಳೆ ನೀರನ್ನು ಗಿಡಕ್ಕೆ ಚೆಲ್ಲಿ, ಹೊಸ ನೀರು ತರಲು ನನ್ನನ್ನೇ ಕಳಿಸಿದರು.